ಸ್ವರಾಜ್ ದ್ವೀಪದಲ್ಲಿ ಅಡಿಕೆ ಭಾವ

ಮಳೆಗಾಲದಲ್ಲಿ ಮದ್ದು ಬಿಡಬೇಕು, ಅದು ಮುಗಿದರೆ ಕೊಯ್ಲು, ಕೊಯ್ಲು ಮುಗಿದರೆ ತೋಟಕ್ಕೆ ನೀರು. ಆಲೆಟ್ಟಿಯ ಅಡಿಕೆ ಭಾವನಿಗೆ ಊರು ಬಿಡಲು ಪುರುಸೊತ್ತಾಗುವುದು ಮದುವೆಗೆ, ಬೊಜ್ಜಕ್ಕೆ, ಕ್ಯಾಂಪ್ಕೊ ಮಹಾಸಭೆಗೆ ಮಾತ್ರ. ಅಂಥವರನ್ನು ಬೆಂಗಳೂರಿನ ಮಗ ಏಪ್ರಿಲ್ ರಜೆಯಲ್ಲಿ ಅಂಡಮಾನಿಗೆ ಎಬ್ಬಿಸಿಕೊಂಡು ಹೋದ.

ಹ್ಯಾವ್‌ಲಾಕ್, ಅಂದರೆ 2018ರಿಂದ ಸ್ವರಾಜ್ ದ್ವೀಪ. ಅಲ್ಲಿನ ರಾಧಾನಗರ ಬೀಚು ಏಷ್ಯಾದಲ್ಲೇ ಶ್ರೇಷ್ಠವೆಂದು ‘ಟೈಮ್’ ಪತ್ರಿಕೆ 2004ರಲ್ಲಿ ಹೊಗಳಿತ್ತು. ಭಾವ ಅದಕ್ಕೆ ಬೆನ್ನು ಹಾಕಿ ದಾರಿಬದಿಯ ಬಂಗಾಳಿಯ ತೋಟಕ್ಕೆ ನುಗ್ಗಿದರು. ಅಲ್ಲಿಯೂ ಅಡಿಕೆ! ಇವರಿಗೆ ಬಂಗಾಳಿ ಬಾರದು, ಅವನಿಗೆ ಕನ್ನಡ ಬಾರದು. ಆದರೂ ಧಾರಣೆ, ಗೊಬ್ಬರ, ಮರ ಹತ್ತುವವರ ಸಂಬಳ ಎಲ್ಲ ಇತ್ಯರ್ಥವಾಯಿತು. “ನಮ್ಮ ಮಂಗಳ ತಳಿ ಚೀನಾದ್ದು, ಸುಮಂಗಳ ಇಂಡೋನೇಷ್ಯಾದ್ದು. ಇಲ್ಲಿದ್ದು ನಾಲ್ಕು ಬೀಜ ತಕೊಂಡು ಹೋದ್ರೆ ಏನು?” ಎಂದು ಮಗನನ್ನೇ ಕೇಳಿದರು.

ಸಂಜೆ ಸೊಸೆ ಸೂರ್ಯಾಸ್ತ ತೋರಿಸಿದಾಗ ಭಾವ ಮೊಬೈಲಿನಲ್ಲಿ ಊರಿನ ಪಂಪು ಚಾಲೂ ಮಾಡುತ್ತಿದ್ದರು. 2020ರಲ್ಲಿ ಚೆನ್ನೈಯಿಂದ ಈ ದ್ವೀಪಗಳಿಗೆ ಸಮುದ್ರದಡಿ ಕೇಬಲ್ ಎಳೆದದ್ದು ಇದಕ್ಕೇ ಎಂದು ಅವರ ನಂಬಿಕೆ. ಬಳಿಕ ತಮ್ಮನಿಗೆ ಫೋನು: “ತ್ರೀಫೇಸ್ ಉಂಟಾ? ಜೆಟ್ ತಿರುಗ್ತಾ ಉಂಟಾ ಮಾರಾಯ?”

ಮರುದಿನ ಎಲಿಫೆಂಟ್ ಬೀಚಿನಲ್ಲಿ ಸ್ನಾರ್ಕ್ಲಿಂಗ್. ಕನ್ನಡಕ, ಕೊಳವೆ ಕಟ್ಟಿಕೊಂಡು ತಲೆ ಮುಳುಗಿಸಿದವರು ಮೇಲೆದ್ದದ್ದು ಗಂಭೀರರಾಗಿ. ಉಳಿದವರೆಲ್ಲ ಬಣ್ಣದ ಮೀನಿನ ಮಾತಾಡುತ್ತಿದ್ದರೆ ಇವರದ್ದು ಒಂದೇ ಪ್ರಶ್ನೆ: “ಆ ಹವಳ ಯಾಕೆ ಬೆಳ್ಳಗಾಗಿದೆ?”

ನೀರು ಬಿಸಿಯಾದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ ಎಂದ ಗೈಡ್. ಮಗ ಕನ್ನಡಕ್ಕಿಳಿಸಿದ.

“ಬುಡಕ್ಕೆ ಸುಣ್ಣ ಹಾಕಿದ್ದಾರಾ ಕೇಳು.”

“ಅಪ್ಪಾ, ಹವಳದ ಮೈಯೇ ಸುಣ್ಣ.”

“ಹಾಗಾದ್ರೆ ಪೊಟ್ಯಾಷ್?”

ದೋಣಿಯವರೆಲ್ಲ ನಕ್ಕರು. ಭಾವ ನಗಲಿಲ್ಲ. ಹಳದಿ ಎಲೆ ರೋಗಕ್ಕೆ ಸುಳ್ಯ ಸೀಮೆಯ ತೋಟಗಳು ಬೋಳಾಗುವುದನ್ನು ಕಂಡವರು ಅವರು. ಅದಕ್ಕೆ ಇವತ್ತಿಗೂ ಮದ್ದಿಲ್ಲ.

“ಇದು ಬಂದ್ಮೇಲೆ ಪುನಃ ಸರಿಯಾಗ್ತದಾ?”

ನೀರು ಬೇಗ ತಣಿದರೆ ಕೆಲವು ಚೇತರಿಸಿಕೊಳ್ಳುತ್ತವೆ ಎಂದ ಗೈಡ್.

ಭಾವ ಕನ್ನಡಕ ಬಿಚ್ಚಿ ಮುಖ ಒರೆಸಿಕೊಂಡರು. “ಅಡ್ಡಿಯಿಲ್ಲ, ನಮ್ಮದಕ್ಕಿಂತ ಒಳ್ಳೆ ರೋಗ.”