ತೊಡಿ ಮ್ಯಾಲ ಕುಂದರು!

ದೆವ್ವದ ಸಿನಿಮಾಕ್ಕೆ ನಮ್ಮ ರೋಣದ ಕಡೆ ಯಾರೂ ಅಂಜಿದ್ದು ನಾ ಕಾಣೆ. ನನ್ನನ್ನು ಅಂಜಿಸಿದ್ದು ದೇವರ ಸಿನಿಮಾ. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಹಿರಣ್ಯಕಶಿಪುವಾಗಿ ರಾಜಕುಮಾರ್ ಗುಡುಗಿದರೆ ಎದುರಿಗಿದ್ದ ಪುಟ್ಟ ಪುನೀತ್ ಕೈಮುಗಿದು ಅಲುಗದೆ ನಿಂತಿದ್ದ, ಟಾಕೀಸಿನ ನೆಲದ ಮೇಲೆ ಕೂತ ನಾನು ಮಾತ್ರ ಅವ್ವನ ಸೆರಗಿನೊಳಗೆ. ಕಂಬ ಸೀಳಿ ನರಸಿಂಹ ಬಂದದ್ದನ್ನು ಒಂದೇ ಕಣ್ಣಲ್ಲಿ ನೋಡಿದೆ. ಕರುಳು ಬಗೆದಾಗ ಆ ಕಣ್ಣೂ ಕೈಕೊಟ್ಟಿತು.

ಫಜೀತಿ ಶುರುವಾದದ್ದು ಮನೆಗೆ ಬಂದಮೇಲೆ. ನಮ್ಮ ಕಡೆ ಪಡಸಾಲಿ ಅಂದರೆ ಕಂಬಗಳೇ. ಎಲ್ಲಿ ಹಾಸಿಕೊಂಡರೂ ತಲೆಗೊಂದು, ಕಾಲಿಗೊಂದು ಕಂಬ. ಕಟ್ಟಿಗೆಯೊಳಗೆ ಹುಳ ‘ಕರಕರ’ ಅಂದರೂ ಸಾಕು, ಕೌದಿ ಮುಖದ ಮೇಲೆ.

“ಇದರಾಗ ಅದಾನೇನಬೇ?”

“ಅಂವ ಎಲ್ಲಾ ಕಡೆನೂ ಅದಾನಪಾ, ಸುಮ್ನ ಮಕ್ಕೊ” ಎಂದು ಅಜ್ಜಿ ಧೈರ್ಯ ಹೇಳಿದಳು. ಇಂಥ ಧೈರ್ಯ ಶತ್ರುವಿಗೂ ಬೇಡ.

ಗಜೇಂದ್ರಗಡದ ಹತ್ತಿರದ ಸೂಡಿಗೆ ಹೋದಾಗಲೂ ಅದೇ ಪಾಡು. ಜೋಡುಕಳಸದ ಗುಡಿಯಲ್ಲಿ ಹಿರಿಯರೆಲ್ಲ ಚಾಲುಕ್ಯರ ಕೆತ್ತನೆ ನೋಡುತ್ತಿದ್ದರೆ, ನಾನು ಕಂಬಗಳಲ್ಲಿ ಬಿರುಕು ಹುಡುಕುತ್ತಿದ್ದೆ.

ನರಗುಂದದ ಬೀಗರದು ಹೊಸ ಮನೆ, ಹುಡುಕಿದರೂ ಒಂದು ಕಂಬವಿಲ್ಲ. ಬದುಕಿದೆಯಾ ಬಡಜೀವವೇ ಅಂದುಕೊಂಡೆ. ಸಂಜೆ ಅಲ್ಲಿಯ ಮಾವ ಹೊಸ್ತಿಲ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತ, “ಬಾರಲೇ ತಮ್ಮಾ, ತೊಡಿ ಮ್ಯಾಲ ಕುಂದರು” ಅಂದರು. ಮುಸ್ಸಂಜೆ, ಹೊಸ್ತಿಲು, ತೊಡೆ! ಮೂರೂ ಕೂಡಿದ ಮೇಲೆ ನಾನಲ್ಲಿ ನಿಲ್ಲುತ್ತೇನೆಯೇ?