‘ಹಾಗೇ ಸ್ವಲ್ಪ’: ಒಂದು ವ್ಯಾಕರಣ ಮೀಮಾಂಸೆ

ಕನ್ನಡದಲ್ಲಿ ಅತಿ ಹೆಚ್ಚು ದುಡಿಯುವ ಪದ ಯಾವುದೆಂಬ ಪ್ರಶ್ನೆಗೆ ಪಂಡಿತರು ಇಷ್ಟು ಕಾಲ ಕ್ರಿಯಾಪದಗಳ ರಾಶಿಯಲ್ಲಿ ಉತ್ತರ ಹುಡುಕಿದ್ದು ದೊಡ್ಡ ಪ್ರಮಾದ. ಕ್ರಿಯಾಪದ ದುಡಿಯುತ್ತದೆ, ನಿಜ. ಆದರೆ ಅದನ್ನು ದುಡಿಸುವುದು ಅವ್ಯಯ. ಆ ಅವ್ಯಯ ‘ಹಾಗೇ’. ‘ಸ್ವಲ್ಪ’ ಎಂಬ ಪರಿಮಾಣವಾಚಕವನ್ನು ಕಂಕುಳಲ್ಲಿ ಎತ್ತಿಕೊಂಡೇ ಅದು ಎಲ್ಲೆಡೆ ಸಂಚರಿಸುತ್ತದೆ.

ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಅವ್ಯಯ ಪ್ರಕರಣವನ್ನು ಎಂಟನೆಯದಾಗಿ, ಕಟ್ಟಕಡೆಗೆ ಇಟ್ಟ. 13ನೇ ಶತಮಾನದಲ್ಲಿ ಅವನ ಮನೆಯ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಿದ್ದರೋ ಅವರನ್ನು ಒಂದು ಮಾತು ಕೇಳಿದ್ದರೆ ಮೊದಲಿಗೇ ಇಡುತ್ತಿದ್ದ. ಲಿಂಗ, ವಚನ, ವಿಭಕ್ತಿಗಳಿಂದ ಬದಲಾಗದೆ ಇದ್ದಂತೆಯೇ ಇರುವುದು ಅವ್ಯಯ ಎಂದು ಶಾಲೆಯಲ್ಲಿ ಉರು ಹೊಡೆಸುತ್ತಾರೆ. ಈ ಪ್ರಬಂಧ ಅದಕ್ಕಿಂತ ಸರಳವಾದ ಅರ್ಥವನ್ನು ಎತ್ತಿಹಿಡಿಯುತ್ತದೆ: ವ್ಯಯವಿಲ್ಲದ್ದು ಅವ್ಯಯ. ಅಂದರೆ, ಬಳಸಿದವರಿಗೆ ಒಂದು ಪೈಸೆಯೂ ಖರ್ಚು ಬೀಳದ್ದು. ಸೂತ್ರರೂಪದಲ್ಲಿ ಹೇಳುವುದಾದರೆ:

‘ಹಾಗೇ’ ಪರಮಾಗೆ ಕಜ್ಜಂ ಪೆರ್ಚುಗುಂ, ಕೂಲಿ ಪೆರ್ಚದು.

ವೃತ್ತಿ ಬೇಕಿಲ್ಲ. ಪ್ರಯೋಗಗಳು ಮುಂದೆ ಬರುತ್ತವೆ.

ಲೇಖಕಿಯ ಅರ್ಹತೆಯ ಬಗ್ಗೆ ಎರಡು ಮಾತು. ಯಾದಗಿರಿ ಜಿಲ್ಲೆಯ ಕಾಲೇಜೊಂದರಲ್ಲಿ ಐಚ್ಛಿಕ ಕನ್ನಡ ತೆಗೆದುಕೊಂಡು ಬಿ.ಎ. ಮಾಡಿದವಳು. ಶಬ್ದಮಣಿದರ್ಪಣವನ್ನು ಎರಡು ಸಲ ಓದಿದವಳು, ಮೊದಲ ಸಲ ಫೇಲಾದ್ದರಿಂದ. ಆಮೇಲೆ ಆರು ವರ್ಷ ಕ್ಷೇತ್ರಕಾರ್ಯ. ನಡುವೆ ಬಾಣಂತನಕ್ಕೆ ಐದು ತಿಂಗಳು ಬಿಡುವು. ಬಿಡುವಿಗೆ ಫೆಲೋಶಿಪ್ ಇರಲಿಲ್ಲ. ಕ್ಷೇತ್ರ, ಬೆಂಗಳೂರಿನ ಬೆಳ್ಳಂದೂರು ಕಡೆಯ ಅಪಾರ್ಟ್‌ಮೆಂಟುಗಳು. ಹುದ್ದೆ, ಮಗು ನೋಡಿಕೊಳ್ಳುವವಳು. ಆಕರಗಳು: ಮೂರು ಮನೆ, ನಾಲ್ಕು ಮಕ್ಕಳು, ಒಬ್ಬರು ಅಜ್ಜಿ, ಒಂದು ನಾಯಿ. ನಾಯಿ ಮೊದಲ ಮಾತುಕತೆಯಲ್ಲಿ ಇರಲಿಲ್ಲ.

ಕೆಲಸಕ್ಕೆ ಗೊತ್ತುಮಾಡುವ ದಿನ ಸೋಫಾದಲ್ಲಿ ಕುಳಿತವರು ಸ್ಟೂಲಿನಲ್ಲಿ ಕುಳಿತವಳಿಗೆ ಹೇಳುವ ವಾಕ್ಯವೇ ಈ ಅಧ್ಯಯನದ ಮೂಲಪಾಠ. ‘ನೋಡಮ್ಮಾ, ಮಗು ನೋಡ್ಕೊಂಡ್ರೆ ಸಾಕು, ಬೇರೇನೂ ಇಲ್ಲ. ಹಾಗೇ ಸ್ವಲ್ಪ ಮಗು ಬಟ್ಟೆ ಒಗೆದ್ರಾಯ್ತು.’ ಹಳೆಯ ಗ್ರಂಥಗಳಿಗೆ ಆದಂತೆ ಇದಕ್ಕೂ ಪ್ರಕ್ಷೇಪಗಳು ಸೇರುತ್ತ ಹೋಗುತ್ತವೆ. ಎರಡನೆಯ ವಾರದ ಪಾಠ: ‘ಹೇಗಿದ್ರೂ ಮೆಷಿನ್ ಹಾಕ್ತೀಯಲ್ಲ, ಹಾಗೇ ನಮ್ಮದೂ ಹಾಕ್ಬಿಡು.’ ಮೂರನೆಯ ವಾರದ್ದು: ‘ಹೇಗಿದ್ರೂ ರಾಗಿ ಸರಿ ಕಾಯಿಸ್ತೀಯಲ್ಲ, ಹಾಗೇ ಪಕ್ಕದ ಒಲೇಲಿ ಕುಕ್ಕರ್ ಇಟ್ಬಿಡು.’ ಇಲ್ಲಿ ‘ಹೇಗಿದ್ರೂ’ ಹೇತು, ‘ಹಾಗೇ’ ಫಲ. ಇವೆರಡರ ನಡುವೆ ಸಂಶೋಧಕಿಗೆ ಉಸಿರಾಡಲು ಒಂದು ಅಲ್ಪವಿರಾಮ ಮಾತ್ರ ಸಿಗುತ್ತದೆ.

ತಿಂಗಳಾಗುವಷ್ಟರಲ್ಲಿ ‘ಮಗು ಹೇಗಿದ್ರೂ ಮಲಗಿದೆಯಲ್ಲ’ ಎಂಬ ಪಾಠ ಬರುತ್ತದೆ. ಇದು ಅತ್ಯಂತ ಉರ್ವರವಾದ ಪಾಠ. ಎದ್ದಿದ್ದರೆ ಮಗುವಿನ ಕೆಲಸ, ಮಲಗಿದರೆ ಮನೆಯ ಕೆಲಸ. ಲೇಖಕಿಯ ಮಧ್ಯಾಹ್ನದ ನಿದ್ದೆಯ ಸ್ಥಿತಿಗೆ ನ್ಯಾಯಶಾಸ್ತ್ರದಲ್ಲಿ ಅತ್ಯಂತಾಭಾವ ಎಂದು ಹೆಸರು. ಹೀಗೆ ಪದರ ಪದರವಾಗಿ ಅಜ್ಜಿಯ ಬಿಪಿ ಮಾತ್ರೆ, ಇಸ್ತ್ರಿಯವನ ಲೆಕ್ಕ, ಹಾಲಿನ ಪ್ಯಾಕೆಟ್ಟು, ಗ್ಯಾಸ್ ಬುಕಿಂಗ್, ಬಾಲ್ಕನಿಯ ತುಳಸಿ, ವರಮಹಾಲಕ್ಷ್ಮಿಯ ಸೀರೆಗೆ ನೆರಿಗೆ ಹಿಡಿಯುವುದು ಎಲ್ಲ ಸೇರಿ, ಮೂಲಪಾಠ ಯಾವುದು ಪ್ರಕ್ಷೇಪ ಯಾವುದು ಎಂದು ಬೇರ್ಪಡಿಸುವುದು ಯಾವ ಸಂಪಾದಕನಿಂದಲೂ ಆಗದು. ಒಮ್ಮೆ ಲೇಖಕಿ ಎರಡು ದಿನದ ಮಟ್ಟಿಗೆ ಊರಿಗೆ ಹೋದಾಗ ಒಂಬತ್ತು ಸಲ ಫೋನ್ ಬಂತು. ಒಂದು ಕರೆಯೂ ಮಗುವಿನ ಬಗ್ಗೆ ಅಲ್ಲ. ‘ಇಡ್ಲಿ ಸ್ಟ್ಯಾಂಡ್ ಎಲ್ಲಿಟ್ಟಿದೀಯಾ?’

ಹಿಂದಿನವರು ಈ ವಿಷಯದಲ್ಲಿ ಎಷ್ಟು ಮುಗ್ಧರಾಗಿದ್ದರು ನೋಡಿ. ಚರಕ ಸಂಹಿತೆಯ ಶಾರೀರಸ್ಥಾನದಲ್ಲಿ ಧಾತ್ರಿ ಹೇಗಿರಬೇಕೆಂದು ಉದ್ದದ ಪಟ್ಟಿಯೇ ಇದೆ: ವಯಸ್ಸು, ಆರೋಗ್ಯ, ಶುಚಿ, ಸ್ವಭಾವ, ಹಾಲಿನ ಗುಣ. ಇಷ್ಟೆಲ್ಲ ಕೇಳಿದ ಆಚಾರ್ಯರು ‘ಚಪಾತಿ ಬರುತ್ತಾ?’ ಎಂದು ಕೇಳುವುದನ್ನು ಮರೆತುಬಿಟ್ಟರು. ಸಂಸ್ಕೃತದಲ್ಲಿ ಧಾತ್ರಿ ಎಂದರೆ ದಾದಿಯೂ ಹೌದು, ಭೂಮಿಯೂ ಹೌದು, ನೆಲ್ಲಿಕಾಯಿಯೂ ಹೌದು. ಮೂರರಲ್ಲಿ ಹೊರುವುದು ಎರಡು, ಹುಳಿಯಾಗುವುದು ಎರಡು. ಪೋರ್ಚುಗೀಸರಿಂದ ಬಂದ ‘ಆಯಾ’ ಈಗ ಆಸ್ಪತ್ರೆ, ಅಂಗನವಾಡಿಗಳಿಗೆ ಸರಿದು, ಅಪಾರ್ಟ್‌ಮೆಂಟಿನಲ್ಲಿ ‘ನ್ಯಾನಿ’ ಬಂದಿದ್ದಾಳೆ. ಹೆಸರು ಬದಲಾದಾಗ ಸಂಬಳ ಕೊಂಚ ಏರಿತು ಎಂಬುದನ್ನು ಕೃತಜ್ಞತೆಯಿಂದ ದಾಖಲಿಸಬೇಕು. ಕುಕ್ಕರ್ ಮಾತ್ರ ಅದೇ ಒಲೆಯ ಮೇಲಿದೆ.

‘ಹಾಗೇ ಸ್ವಲ್ಪ’ದ ಪರಾಕಾಷ್ಠೆಯನ್ನು ಕಾಣಬೇಕಾದರೆ ಮೊಗಲರ ಬಳಿಗೆ ಹೋಗಬೇಕು. ಮಾಹಮ್ ಅಂಗಾ ಅಕ್ಬರನ ದಾಯಿ. ಮಗು ನೋಡಿಕೊಳ್ಳಲು ಬಂದವಳು. ಮಗು ದೊಡ್ಡದಾಗಿ, 1560ರಲ್ಲಿ ಬೈರಾಮ್ ಖಾನ್ ಪದಚ್ಯುತನಾದ ಮೇಲೆ, ಎರಡು ವರ್ಷ ಹಾಗೇ ಸ್ವಲ್ಪ ಸಾಮ್ರಾಜ್ಯವನ್ನೂ ನೋಡಿಕೊಂಡಳು. ದೆಹಲಿಯ ಹಳೆ ಕೋಟೆಯ ಎದುರು ಅವಳು ಕಟ್ಟಿಸಿದ ಖೈರುಲ್ ಮನಾಜಿಲ್ ಮಸೀದಿ ಇವತ್ತಿಗೂ ಇದೆ. ಅವಳ ಸ್ವಂತ ಮಗ ಆದಮ್ ಖಾನನನ್ನು 1562ರಲ್ಲಿ ಅಕ್ಬರ್ ಆಗ್ರಾ ಕೋಟೆಯ ಮೇಲಿಂದ ಎಸೆಸಿದ. ಆದಮ್ ಕೊಲೆ ಮಾಡಿದ್ದ, ಶಿಕ್ಷೆ ನ್ಯಾಯವೇ ಇರಬಹುದು. ಆದರೂ ಎತ್ತಿ ಆಡಿಸಿದ ಮಗು ಬೇರೆ, ಹೆತ್ತ ಮಗು ಬೇರೆ ಎಂಬ ಭೇದ ಅಲ್ಲಿ ಬಹಳ ಸ್ಪಷ್ಟವಾಗಿ ಇತ್ಯರ್ಥವಾಯಿತು.

ಇನ್ನು ಸಂಧಿ. ಕನ್ನಡ ಸಂಧಿಗಳು ಮೂರು ಎಂದು ಏಳನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ನೆಂಟರ ಆಗಮ, ಮೇಡಂ ಅವರ ಆದೇಶ, ಭಾನುವಾರದ ರಜೆಯ ಲೋಪ. ಮೂರೂ ಒಂದೇ ಶನಿವಾರ ರಾತ್ರಿ ನಡೆಯಬಲ್ಲವು ಎಂಬುದನ್ನು ಮಾತ್ರ ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ. ಕ್ರಿಯಾಪದದ ವಿಚಾರದಲ್ಲೂ ಒಂದು ಶೋಧನೆ ಇದೆ. ‘ಇವತ್ತು ಫ್ರಿಡ್ಜ್ ಕ್ಲೀನ್ ಮಾಡ್ಬಿಡೋಣ’ ಎಂಬಲ್ಲಿ ರೂಪ ಉತ್ತಮಪುರುಷ ಬಹುವಚನ, ಅರ್ಥ ಮಧ್ಯಮಪುರುಷ ಏಕವಚನ. ಹಾಗೆಯೇ, ಮನೆಯವರ ಕೈಜಾರಿದರೆ ‘ಅಯ್ಯೋ, ಲೋಟ ಒಡೆದುಹೋಯ್ತು’, ಅಕರ್ಮಕ. ಲೇಖಕಿಯ ಕೈಜಾರಿದರೆ ‘ಲೋಟ ಒಡೆದ್ಯಾ?’, ಸಕರ್ಮಕ. ಕರ್ಮ ಯಾರಿಗೆ ಅಂಟುತ್ತದೆ ಎಂಬುದು ಧಾತುವಿನಿಂದಲ್ಲ, ಲೋಟ ತೊಳೆಯುವವರು ಯಾರು ಎಂಬುದರಿಂದ ನಿರ್ಧಾರವಾಗುತ್ತದೆ.

ಅಲಂಕಾರ ಪ್ರಕರಣವನ್ನು ಲೇಖಕಿ ಸ್ವಲ್ಪ ಭಯದಿಂದಲೇ ಪ್ರವೇಶಿಸುತ್ತಾಳೆ. ‘ನೀನು ನಮ್ಮನೆಯವಳ ಥರ’ ಎಂಬುದು ಈ ಕ್ಷೇತ್ರದ ಸುಪ್ರಸಿದ್ಧ ಉಪಮೆ. ‘ನೀನು’ ಉಪಮೇಯ, ‘ಮನೆಯವಳು’ ಉಪಮಾನ, ‘ಥರ’ ಉಪಮಾವಾಚಕ. ನಾಲ್ಕನೆಯದಾದ ಸಮಾನಧರ್ಮ ಎಷ್ಟು ಹುಡುಕಿದರೂ ಕಾಣುವುದಿಲ್ಲ. ಸೋಫಾದ ಮೇಲಿಲ್ಲ, ಊಟದ ಮೇಜಿನ ಮೇಲಿಲ್ಲ, ಲಿಫ್ಟಿನಲ್ಲೂ ಇಲ್ಲ, ಏಕೆಂದರೆ ಅವಳಿಗೆ ಬೇರೆ ಲಿಫ್ಟ್ ಇದೆ. ಆದ್ದರಿಂದ ಇದು ಲುಪ್ತೋಪಮೆ. ‘ಥರ’ವನ್ನು ಕಿತ್ತುಹಾಕಿ ‘ನೀನೇ ಮನೆಯವಳು’ ಎಂದು ರೂಪಕ ಮಾಡಬಾರದೇಕೆ ಎಂದು ಭಾವುಕ ವಿದ್ಯಾರ್ಥಿಗಳು ಕೇಳುವುದುಂಟು. ದಯವಿಟ್ಟು ಬೇಡ. ರೂಪಕಕ್ಕೆ ಸಂಬಳವಿಲ್ಲ. ಆ ಮನೆಯ ಸೊಸೆಯನ್ನು ಕೇಳಿ ನೋಡಿ.

ಕಾನೂನಿನವರು ಈ ಅವ್ಯಯದ ಜೊತೆ ಸೆಣಸಿ ನೋಡಿದ್ದಾರೆ. ಕರ್ನಾಟಕ ಸರ್ಕಾರ 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ವೇತನ ನಿಗದಿ ಮಾಡಿತು. 2011ರ ಜೂನ್ 16ರಂದು ಜಿನೀವಾದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ತನ್ನ 189ನೇ ಒಡಂಬಡಿಕೆಯನ್ನು ಅಂಗೀಕರಿಸಿ, ಯಾವ ಬಗೆಯ ಕೆಲಸ, ಎಷ್ಟು ಹೊತ್ತು ಎಂಬುದನ್ನು ಮನೆಗೆಲಸದವರಿಗೆ ಸ್ಪಷ್ಟವಾಗಿ ತಿಳಿಸಬೇಕೆಂದಿತು. ಭಾರತ ಅದನ್ನು ಅನುಮೋದಿಸಿಲ್ಲ; ಅನುಮೋದಿಸಿದ್ದರೂ ‘ಹಾಗೇ’ ಯಾವ ಬಗೆಯ ಕೆಲಸವೂ ಅಲ್ಲವಾದ್ದರಿಂದ ತಪ್ಪಿಸಿಕೊಳ್ಳುತ್ತಿತ್ತು. ಇತ್ತ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾಯಿತು. ಮುಂದಿನ ತಿಂಗಳು ಸಂಬಳದ ಜೊತೆ ಕೊಡುತ್ತಿದ್ದ ಬಸ್ ಚಾರ್ಜು ನಿಂತಿತು. ‘ಬಸ್ ಹೇಗಿದ್ರೂ ಫ್ರೀ ಆಯ್ತಲ್ಲಮ್ಮಾ’ ಎಂದರು. ಹೇತು ಅದೇ.

ಹಾಗೆಂದು ಮೇಡಂ ಅವರನ್ನು ರಾಕ್ಷಸಿ ಮಾಡಿದರೆ ಶಾಸ್ತ್ರಕ್ಕೆ ಅಪಚಾರ. 2017ರ ತಿದ್ದುಪಡಿಯ ಪ್ರಕಾರ ಅವರಿಗೆ 26 ವಾರ ಹೆರಿಗೆ ರಜೆ ಸಿಕ್ಕಿತು. 27ನೇ ವಾರದ ಸೋಮವಾರ ಅವರು ಎದೆಹಾಲಿನ ಬಾಟಲಿಗಳನ್ನು ಫ್ರಿಡ್ಜಿನಲ್ಲಿಟ್ಟು, ಬಾಗಿಲ ಬಳಿ ಮೂರು ಸಲ ಹಿಂದೆ ತಿರುಗಿ ನೋಡಿ ಹೋದದ್ದಕ್ಕೆ ಲೇಖಕಿಯೇ ಸಾಕ್ಷಿ. ರಾತ್ರಿ ಹತ್ತೂವರೆಗೆ ಅವರ ಲ್ಯಾಪ್‌ಟಾಪಿನೊಳಗಿನಿಂದ ಒಂದು ಗಂಡು ದನಿ ಹೇಳುವುದನ್ನೂ ಲೇಖಕಿ ಪಾತ್ರೆ ಒರೆಸುತ್ತ ಕೇಳಿಸಿಕೊಂಡಿದ್ದಾಳೆ: ‘ಹೇಗಿದ್ರೂ ಆನ್‌ಲೈನ್ ಇದೀರಲ್ಲ, ಹಾಗೇ ಸ್ವಲ್ಪ ಆ ಎಕ್ಸೆಲ್ ಶೀಟೂ ನೋಡ್ಬಿಡಿ.’ ಬಹುವಚನ ಇತ್ತು. ಉಳಿದಂತೆ ಸೂತ್ರ ಅಕ್ಷರಶಃ ಅದೇ.

ಕಡೆಯ ಪ್ರಯೋಗ ಯಾದಗಿರಿ ಕಡೆಯದು. ಇದಕ್ಕೆ ಆಕರ ಹುಡುಕಿಕೊಂಡು ಹೋಗಬೇಕಾಗಿ ಬರಲಿಲ್ಲ, ಹೋದ ತಿಂಗಳು ನನ್ನ ಬಾಯಿಂದಲೇ ಬಂತು. ನನ್ನ ಮಗನಿಗೆ ಮೂರು ವರ್ಷ. ಊರಲ್ಲಿ ಅವ್ವನ ಹತ್ತಿರ ಇದ್ದಾನೆ. ಫೋನಿನಲ್ಲಿ ಅವನ ಕೆಮ್ಮಿನ ಮಾತು ಮುಗಿದ ಮೇಲೆ ಅಂದೆ: ‘ಅವ್ವಾ, ಕೂಸಿನ್ನ ನೋಡ್ಕೊಂತ ಹೆಂಗೂ ಮನ್ಯಾಗ ಇರ್ತಿ, ಹಂಗೇ ಜರಾ ಹೊಲದ ಪಹಣಿ ತಗಸಿ ಇಡು. ಬಸ್ಸು ಹೆಂಗೂ ಫ್ರೀ ಐತಿ.’

ನಾಡಕಚೇರಿ ನಮ್ಮೂರಿಂದ ಎಂಟು ಕಿಲೋಮೀಟರ್. ಅವ್ವ ಹೂಂ ಅಂದಳು. ಮರುದಿನ ಹೋಗಿ ತಂದಳು, ಹುಡುಗನನ್ನು ಕಂಕುಳಲ್ಲಿ ಎತ್ತಿಕೊಂಡು.