ಕುದುರೆ ಹೋಯ್ತು, ಟಿಪ್ಸ್ ಉಳೀತು

ಹೊಸೂರಿನ ಮಗ್ಗುಲಿನ ಮತ್ತಿಗಿರಿಯಲ್ಲಿ ಕುಂಪಣಿ ಸರ್ಕಾರ ತನ್ನ ದಂಡಿಗೆ ಕುದುರೆ ಸಾಕಲು 1824ರಲ್ಲಿ ಫಾರಂ ಮಾಡಿತು. ಕಾಲಾಂತರದಲ್ಲಿ ಕುದುರೆ ಹೋಗಿ ದನ ಬಂದವು. ಕುದುರೆ ಬಗೆಗಿನ ಪಾಂಡಿತ್ಯ ಮಾತ್ರ ಊರು ಬಿಡಲಿಲ್ಲ. ರೇಸಿನ ದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಹತ್ತಿರ ಟೀ ಕುಡಿಯುತ್ತ ನಿಂತು ನೋಡಿ: ಕತ್ತೆಯ ಬಾಲವನ್ನೂ ಮುಟ್ಟಿ ನೋಡದವರು "ಅದಕ್ಕೆ ಒದ್ದೆ ಟ್ರ್ಯಾಕು ಆಗಿಬರಲ್ಲ ಕಣಣ್ಣ" ಅನ್ನುತ್ತಿರುತ್ತಾರೆ.

ಇವರ ನಡುವೆ ಒಬ್ಬ ಗುರು. ಉದ್ದಕ್ಕೆ ಮಡಚಿದ ರೇಸ್ ಪುಸ್ತಕ ಅಂಗಿಯ ಜೇಬಿನಲ್ಲಿ, ಕೆಂಪು ಬಾಲ್‌ಪೆನ್ನು ಕಿವಿಯ ಮೇಲೆ. ಕುದುರೆಯ ಹೆಸರಿನ ಪಕ್ಕ ಹಿಂದಿನ ಓಟಗಳ ಅಂಕಿ ಇರುತ್ತದಲ್ಲ, ಅದೇ ಫಾರಂ. ಸೊನ್ನೆ ಇದ್ದರೆ "ಹೋದ ಸಲ ಜಾಕಿ ಹಿಡಿದುಬಿಟ್ಟ, ಇವತ್ತು ಬಿಡ್ತಾನೆ." ಎರಡು ಇದ್ದರೆ "ಹಣ್ಣಾಗಿದೆ, ಬೀಳೋದೊಂದೇ ಬಾಕಿ." ಒಂದು ಇದ್ದರೆ "ಗೆಲ್ಲೋ ರುಚಿ ಹತ್ತಿದೆ." ಸೋಲುವ ಅಂಕಿ ಅಂತ ಒಂದೂ ಇಲ್ಲ.

ಹ್ಯಾಂಡಿಕ್ಯಾಪರ್ ಎಂಬ ಅಧಿಕಾರಿ ಸಂಬಳ ಎಣಿಸುವುದೇ ಎಲ್ಲ ಕುದುರೆಗಳೂ ಒಟ್ಟಿಗೆ ಗುರಿ ಮುಟ್ಟುವ ಹಾಗೆ ಭಾರ ಹಂಚುವುದಕ್ಕೆ. ಗೆದ್ದದ್ದಕ್ಕೆ ಭಾರ ಹೆಚ್ಚು, ಸೋತದ್ದಕ್ಕೆ ರಿಯಾಯಿತಿ. ಯಾವುದು ಗೆಲ್ಲುತ್ತದೆಂದು ಯಾರಿಗೂ ತಿಳಿಯದಂತೆ ಅವನು ಹಾಕಿದ ಗಂಟನ್ನು ನಮ್ಮ ಗುರು ಅರ್ಧ ಲೋಟ ಟೀ ಮುಗಿಯುವಷ್ಟರಲ್ಲಿ ಬಿಚ್ಚುತ್ತಾನೆ. ಆ ಟೀ ದುಡ್ಡೂ ಶಿಷ್ಯರದ್ದೇ.

ತಮಿಳುನಾಡು ಸರ್ಕಾರ ರೇಸನ್ನೇ ನಿಲ್ಲಿಸಲು 1974ರಲ್ಲಿ ಕಾನೂನು ತಂದಿತ್ತು. ಇದು ಅದೃಷ್ಟದ ಆಟವಲ್ಲ, ಜಾಣ್ಮೆಯ ಆಟ ಎಂದು 1996ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅಲ್ಲಿಂದ ಸೋತವರ ಪಾಡು ಕೆಟ್ಟಿತು. ಹಣೆಬರಹವನ್ನು ಬೈಯುವಂತಿಲ್ಲ, ಸ್ವಂತ ತಲೆಯನ್ನೇ ಬೈದುಕೊಳ್ಳಬೇಕು. 2024ರಲ್ಲಿ ಗುತ್ತಿಗೆ ಬಾಕಿಯ ಜಗಳದಲ್ಲಿ ಊಟಿಯ ಮೈದಾನವನ್ನೂ ಗಿಂಡಿಯದನ್ನೂ ಸರ್ಕಾರ ವಶಕ್ಕೆ ತೆಗೆದುಕೊಂಡಿತು. ನಮ್ಮವರ ಕೂದಲೂ ಕೊಂಕಲಿಲ್ಲ. ಅತ್ತಿಬೆಲೆ ದಾಟಿದರೆ ಬೆಂಗಳೂರು, ಒಟ್ಟು 40 ಕಿಲೋಮೀಟರ್. ಭಾಷೆಗೆ, ನೀರಿಗೆ ಗಡಿ ಕೇಳುವವರು ಟಿಪ್ಸ್‌ಗೆ ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಇಷ್ಟು ಓದಿದಿರಿ, ನನ್ನದೂ ಒಂದು ಟಿಪ್ ತೆಗೆದುಕೊಳ್ಳಿ, ಪುಕ್ಕಟೆ. ಇವತ್ತಿನ ಎಲ್ಲ ರೇಸುಗಳಲ್ಲೂ ಗೆಲ್ಲುವುದು ಜಿಎಸ್‌ಟಿ. ಫಾರಂ ನೋಡಿ: 2023ರ ಅಕ್ಟೋಬರಿನಿಂದ ಕಟ್ಟಿದ ಪೂರ್ತಿ ಬಾಜಿಯ ಮೇಲೆ ಶೇ 28, 2025ರ ಸೆಪ್ಟೆಂಬರ್ 22ರಿಂದ ಶೇ 40. ಮಳೆ ಬಂದರೂ ಓಡುತ್ತದೆ, ಕೆಸರಲ್ಲೂ ಓಡುತ್ತದೆ, ಯಾವ ಜಾಕಿಯೂ ಇದರ ಲಗಾಮು ಎಳೆಯಲಾರ. ನೀವೇ ಗೆದ್ದು ಮೊತ್ತ ಹತ್ತು ಸಾವಿರ ದಾಟಿತೋ, ಹಿಂದಿನಿಂದ ಶೇ 30ರ ಟಿಡಿಎಸ್ ಬರುತ್ತದೆ. ಹ್ಯಾಂಡಿಕ್ಯಾಪರ್ ಇವೆರಡರ ಬೆನ್ನಿಗೆ ಒಂದು ಗ್ರಾಂ ಭಾರವನ್ನೂ ಹೇರಿದ್ದಿಲ್ಲ.

ಗುರುವಿಗೆ ಇದೆಲ್ಲ ಗೊತ್ತಿರಬೇಕು. ಇವತ್ತಿನವರೆಗೂ ಅವನು ಒಂದು ರೂಪಾಯಿ ಕಟ್ಟಿದ್ದನ್ನು ಕಂಡವರಿಲ್ಲ. ಕೇಳಿದರೆ, "ನಾನೇ ಕಟ್ಟಿದರೆ ಟಿಪ್ಪು ಕೈಕೊಡುತ್ತೆ ಕಣಯ್ಯ" ಅಂತ ಪುಸ್ತಕ ತಿರುವಿ ನಾಳೆಯ ಮೂರನೇ ರೇಸಿಗೆ ಸುತ್ತು ಹಾಕುತ್ತಾನೆ.